ಗ್ಲಾಕ್ 26 ಐದನೇ ತಲೆಮಾರು: ಕಿರುಬೆರಳಿಗೊಂದು ಜಾಗ ಬೇಕಿತ್ತು

ಊರಿನ ಓದುಗರಿಗೆ ಮೊದಲೇ ಹೇಳಿಬಿಡಬೇಕು: ಗ್ಲಾಕ್ 26 ಒಂದು 9 ಮಿ.ಮೀ. ಪಿಸ್ತೂಲು. ಭಾರತದಲ್ಲಿ ಈ ಬೋರು (ನಳಿಗೆಯ ಒಳ ಅಳತೆ) ನಿಷೇಧಿತ, ಸಾಮಾನ್ಯ ಲೈಸೆನ್ಸಿಗೆ .32ರಂಥ ಬೋರುಗಳೇ ಗತಿ. ಹಾಗಾಗಿ ಈ ಮಾತೆಲ್ಲ ಅಮೆರಿಕದಲ್ಲಿರುವವರಿಗೆ.

ಬ್ಯಾರಲ್ (ನಳಿಗೆ) 87 ಮಿ.ಮೀ., ದಪ್ಪ ಹೆಚ್ಚುಕಡಿಮೆ 3 ಸೆಂ.ಮೀ., ಹತ್ತು ಗುಂಡು ತುಂಬಿದರೆ ತೂಕ ಮುಕ್ಕಾಲು ಕಿಲೋದ ಆಸುಪಾಸು. ಸೊಂಟದಲ್ಲಿ ಸಿಕ್ಕಿಸಿದಾಗ ಬೇಡವೆನಿಸುವ ಈ ದಪ್ಪ, ಗುಂಡು ಹಾರಿಸುವಾಗ ಕೈಹಿಡಿಯುತ್ತದೆ. ಒದೆತ ಅಂಗೈಯಲ್ಲಿ ಹರಡಿಹೋಗುತ್ತದೆ. ಇದರ ಪ್ರತಿಸ್ಪರ್ಧಿ ಪಿಸ್ತೂಲು ಸಿಗ್ ಪಿ365 ಇದಕ್ಕಿಂತ ತೆಳು, ಹಗುರ, ಗುಂಡೂ ಅಷ್ಟೇ ಹಿಡಿಯುತ್ತದೆ. ಆದರೆ ಅದರ ಒದೆತ ಚುರುಕು. ಒಯ್ಯಲು ಅದು, ಅಭ್ಯಾಸಕ್ಕೆ ಇದು.

ಹಿಡಿಯಲ್ಲಿ ಎರಡು ಬೆರಳಿಗಷ್ಟೇ ಜಾಗ. ಕಿರುಬೆರಳನ್ನು ಮ್ಯಾಗಜಿನ್ನಿನ ತಳಕ್ಕೆ ಮಡಚಿಕೊಳ್ಳಬೇಕು, ಇಲ್ಲವೇ ಅದು ಗಾಳಿಯಲ್ಲಿ ತೂಗಾಡುತ್ತದೆ. ಹಾಗೆ ತೂಗಾಡಿದರೆ ಒಂದೊಂದು ಗುಂಡಿಗೂ ಹಿಡಿತ ಸ್ವಲ್ಪ ಸ್ವಲ್ಪ ಜಾರಿ, ಐದಾರು ಗುಂಡಿನ ಹೊತ್ತಿಗೆ ಗುರಿ ತಪ್ಪುತ್ತದೆ. ಮಣಿಕಟ್ಟು ಸಡಿಲವಿದ್ದರೆ ಇನ್ನೂ ಕಷ್ಟ: ಗುಂಡು ಹಾರಿದಾಗ ಹಿಂದಕ್ಕೆ ಜಾರುವ ಮೇಲ್ಭಾಗದ, ಅಂದರೆ ಸ್ಲೈಡಿನ, ಜೊತೆ ಇಡೀ ಪಿಸ್ತೂಲೇ ಹಿಂದೆ ಸರಿಯುವುದರಿಂದ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಹಾರಿದ ಗುಂಡಿನ ಖಾಲಿ ಕೋಶ ತಾನು ಹೊರಬೀಳುವ ಬಾಯಲ್ಲೇ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಪಿಸ್ತೂಲು ಕೆಟ್ಟಿದೆ ಎಂದು ಬೈಯುವ ಮೊದಲು ಕೈ ನೋಡಿಕೊಳ್ಳಿ. ಕಿರುಬೆರಳಿಗೆ ಜಾಗವಾಗಲು ಮ್ಯಾಗಜಿನ್ನಿನ ತಳಕ್ಕೆ ಹಾಕುವ ಚಾಚುಪಟ್ಟಿ ಅಗ್ಗದ ಪರಿಹಾರ. ಆದರೆ ಕೆಲವು ಪಟ್ಟಿಗಳ ಸಂದಿನಲ್ಲಿ ಚರ್ಮ ಸಿಕ್ಕಿ ಚಿವುಟುತ್ತದೆ. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಾದರೆ ಇದರ ದೊಡ್ಡಣ್ಣ ಗ್ಲಾಕ್ 19ರ 15 ಗುಂಡಿನ ಮ್ಯಾಗಜಿನ್ ಹಾಕುವುದೇ ವಾಸಿ. ಸರಿಯಾಗಿ ಕೂರುತ್ತದೆ, ಮೂರು ಬೆರಳೂ ಹಿಡಿಯುತ್ತವೆ. ಹತ್ತಕ್ಕಿಂತ ಹೆಚ್ಚು ಗುಂಡಿನ ಮ್ಯಾಗಜಿನ್ನಿಗೆ ಕೆಲವು ರಾಜ್ಯಗಳಲ್ಲಿ ತಡೆಯಿದೆ, ವಿಚಾರಿಸಿಕೊಳ್ಳಿ.

ಸ್ಲೈಡ್ ಗಿಡ್ಡ, ಅದನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಬಿಗಿ. ಬೆರಳತುದಿಯಲ್ಲಿ ಎಳೆದರೆ ಬಗ್ಗುವುದಿಲ್ಲ. ಪಿಸ್ತೂಲನ್ನು ಎದೆಯ ಹತ್ತಿರ ತಂದು, ಸ್ಲೈಡಿನ ಹಿಂಬದಿಯನ್ನು ಎಡ ಅಂಗೈಯಿಂದ ಅಮುಕಿ ಹಿಡಿದು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿ. ನಳಿಗೆ ಸದಾ ಗುರಿಯ ಕಡೆಗೇ ಇರಲಿ; ಬ್ಯಾರಲ್ ಚಿಕ್ಕದಾದ್ದರಿಂದ ಎಡಗೈ ಬೆರಳು ಅದರ ಮುಂದೆ ಬರುವುದು ಸುಲಭ. ಕೈ ದಪ್ಪಗಿದ್ದವರಿಗೆ ಹೆಬ್ಬೆರಳ ಸಂದಿನ ಮಾಂಸವನ್ನು ಸ್ಲೈಡ್ ಗೀರುವುದುಂಟು. ಪೆಟ್ಟಿಗೆಯಲ್ಲೇ ಬರುವ ಬಾಲವಿರುವ ಹಿಂಪಟ್ಟಿಯನ್ನು ಹಿಡಿಯ ಹಿಂಬದಿಗೆ ಹಾಕಿದರೆ ಆ ಕಾಟ ತಪ್ಪುತ್ತದೆ.

ಮದ್ದಿನ ಆಯ್ಕೆಯಲ್ಲಿ 147 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಮೆತ್ತಗೆ ತಳ್ಳುತ್ತದೆ, 115 ಚುರುಕಾಗಿ ಒದೆಯುತ್ತದೆ. ಹೆಚ್ಚು ಒತ್ತಡದ ಪ್ಲಸ್ ಪಿ ಗುಂಡುಗಳನ್ನು ಇದರಲ್ಲಿ ಪೆಟ್ಟಿಗೆಗಟ್ಟಲೆ ಹಾರಿಸುವುದು ಕೈಗೆ ಶಿಕ್ಷೆ. ಒಳಾಂಗಣ ರೇಂಜಿನಲ್ಲಿ ಕಿವಿಗೆ ಫೋಮ್ ಬಿರಡೆ ಹಾಕಿ, ಅದರ ಮೇಲೆ ಮಫ್ ಕೂಡ ಇರಲಿ.

ಗುರಿ ನೋಡಲು ಕಂಪನಿ ಕೊಡುವ ಪ್ಲಾಸ್ಟಿಕ್ ಸೈಟು ಹೋಲ್‌ಸ್ಟರಿಗೆ (ಪಿಸ್ತೂಲಿನ ಒರೆಗೆ) ಉಜ್ಜಿ ಸವೆಯುತ್ತದೆ. ಕೊಳ್ಳುವಾಗಲೇ ಉಕ್ಕಿನದ್ದು ಹಾಕಿಸಿ. ಪಿಸ್ತೂಲನ್ನು ಬಿಚ್ಚಲು ಟ್ರಿಗರ್ ಒತ್ತಲೇಬೇಕು, ಅಪಾಯ ಇರುವುದೇ ಅಲ್ಲಿ: ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು, ಗುಂಡು ಕೂರುವ ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿದ ಮೇಲೆಯೇ ಒತ್ತಿ. ಸ್ಪ್ರಿಂಗ್ ಸವೆದಿದೆಯೇ ಎಂದು ತಿಳಿಯಲು, ಹಾಗೆ ಖಾಲಿ ಮಾಡಿದ ಪಿಸ್ತೂಲಿನ ಟ್ರಿಗರನ್ನು ಒತ್ತಿಹಿಡಿದೇ ನಳಿಗೆಯನ್ನು ಸುರಕ್ಷಿತ ದಿಕ್ಕಿನಲ್ಲಿ ಮೇಲಕ್ಕೆ ಮಾಡಿ, ಸ್ಲೈಡನ್ನು ಹಿಂದಕ್ಕೆಳೆದು ನಿಧಾನವಾಗಿ ಬಿಡಿ. ಪೂರ್ತಿ ಮುಚ್ಚಿಕೊಳ್ಳದಿದ್ದರೆ ಸ್ಪ್ರಿಂಗ್ ಬದಲಿಸಿ.