ದಿಂಬಿನ ಕೆಳಗಿನ ಆರು ಗೊಂಬೆಗಳು

ನನ್ನ ಮಗಳಿಗೆ 7 ವರ್ಷ. ದೀಪ ಆರಿಸಿದ ಕೂಡಲೇ ಹೊಟ್ಟೆನೋವು ಅಂತ ಶುರು ಮಾಡುತ್ತಿದ್ದಳು. ಡಾಕ್ಟರು ನೋಡಿ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದರು. ಮಕ್ಕಳ ಚಿಂತೆ ಎಷ್ಟೋ ಸಲ ಹೊಟ್ಟೆನೋವಾಗಿಯೇ ಕಾಣಿಸಿಕೊಳ್ಳುತ್ತದೆ. ಆಗ ತರಿಸಿದ್ದು ಈ ಚಿಂತೆ ಗೊಂಬೆಗಳನ್ನು.

ಇವು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದವು. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನ ತಂತಿ, ಕಡ್ಡಿ, ಬಟ್ಟೆಚೂರು, ಬಣ್ಣದ ದಾರದಲ್ಲಿ ಮಾಡುತ್ತಾರೆ. ಸ್ಪ್ಯಾನಿಷ್‌ನಲ್ಲಿ ‘ಕಿತಾಪೇನಾಸ್’ ಅನ್ನುತ್ತಾರೆ, ಅಂದರೆ ದುಃಖ ಕಳೆಯುವವು. ಮಲಗುವ ಮುಂಚೆ ಒಂದೊಂದು ಗೊಂಬೆಗೆ ಒಂದೊಂದು ಚಿಂತೆ ಹೇಳಿ ದಿಂಬಿನ ಕೆಳಗೆ ಇಡಬೇಕು. ನಮ್ಮ ಚೀಲದಲ್ಲಿ 6 ಇದ್ದವು.

ಮೊದಲ ರಾತ್ರಿ ಹಸಿರು ಲಂಗದ ಗೊಂಬೆಯನ್ನು ಬಾಯಿಯ ಹತ್ತಿರ ಹಿಡಿದು ಪಿಸುಗುಟ್ಟಿದಳು. “ಅಮ್ಮ ನನ್ನನ್ನ ಕರ್ಕೊಂಡು ಹೋಗೋಕೆ ಬರೋದು ಮರೆತುಬಿಟ್ರೆ?”

ನನಗೆ ಕಣ್ಣು ತುಂಬಿ ಬಂತು. ಎರಡು ತಿಂಗಳಿಂದ ಬರೀ ಹೊಟ್ಟೆನೋವು ಅಂತಿದ್ದವಳು! ಮುಂಚೆ ನಾನು “ಏನೂ ಆಗಲ್ಲ, ಸುಮ್ನೆ ಮಲ್ಕೋ” ಅಂತಿದ್ದೆ. ಐದೇ ನಿಮಿಷಕ್ಕೆ ಮತ್ತೆ ಕರೆಯುತ್ತಿದ್ದಳು. ಅವತ್ತು ಹಾಗನ್ನಲಿಲ್ಲ. “ನಾನು ಬರೋದು ತಡ ಆದ್ರೆ ಏನು ಮಾಡ್ತೀಯ ಪುಟ್ಟಿ?” ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಟೀಚರ್ ಹತ್ರಾನೇ ನಿಂತ್ಕೋತೀನಿ. ಫೋನ್ ಮಾಡಿಸ್ತೀನಿ.” ಹೊಟ್ಟೆ ಒತ್ತಿಕೊಂಡಿದ್ದ ಕೈ ತಾನಾಗೇ ಸಡಿಲವಾಯಿತು.

ಚೀಲದಲ್ಲಿದ್ದ ಚೀಟಿ ಮಾತ್ರ ನನಗೆ ಹಿಡಿಸಲಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ಚಿಂತೆ ಮಾಯ ಅಂತ ಬರೆದಿದ್ದಾರೆ. ಮಾಯವಾಗಲಿಲ್ಲ. “ನಾನು ಸರಿಯಾಗಿ ಹೇಳ್ಲಿಲ್ವಾ ಅಮ್ಮ?” ಅಂತ ಮಗು ಅತ್ತಿತು. ದಯವಿಟ್ಟು ಆ ಚೀಟಿ ಓದಿ ಹೇಳಬೇಡಿ. ರಾತ್ರಿಯೆಲ್ಲ ನಿನ್ನ ಚಿಂತೆಯನ್ನ ಗೊಂಬೆ ಹಿಡಿದುಕೊಂಡಿರುತ್ತೆ, ಬೆಳಿಗ್ಗೆ ನಾವಿಬ್ಬರೂ ಸೇರಿ ನೋಡೋಣ ಅಂತ ಹೇಳಿ. ನಮಗೆ ಅದೇ ಸರಿಹೋಯಿತು. ಈಗ ಸಂಜೆ 10 ನಿಮಿಷ ‘ಗೊಂಬೆ ಹೊತ್ತು’ ಅಂತ ಇಟ್ಟುಕೊಂಡಿದ್ದೇವೆ. ಮಧ್ಯಾಹ್ನ ಬಂದ ಚಿಂತೆಯೂ ಅಲ್ಲಿಯವರೆಗೆ ಕಾಯುತ್ತದೆ. ಎಷ್ಟೋ ಸಲ ಅಷ್ಟರಲ್ಲಿ ಅವಳಿಗೇ ಮರೆತಿರುತ್ತದೆ.

3 ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಇವು ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಚಿಕ್ಕವು. ಇನ್ನು ವಾರಗಟ್ಟಲೆ ನಿದ್ದೆಯಿಲ್ಲ, ಶಾಲೆಗೇ ಹೋಗಲ್ಲ ಅಂತಿದ್ದರೆ ಗೊಂಬೆ ಸಾಲದು, ಮಕ್ಕಳ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ.

ದಾರ ಬೇಗ ಬಿಚ್ಚಿಕೊಳ್ಳುತ್ತದೆ. ವಾರದೊಳಗೆ ಒಂದು ಗೊಂಬೆಯ ತೋಳು ಕಳಚಿ ಬಂತು. ನಾನೇ ದಾರ ಸುತ್ತಿ ಕೊಟ್ಟೆ. ಅದಕ್ಕೆ ನೋವಾಗಿದೆ ಅಂತ, ಈಗ ಅದಕ್ಕೆ ಸಣ್ಣ ಸಣ್ಣ ಚಿಂತೆ ಮಾತ್ರ ಹೇಳುತ್ತಾಳೆ.