ಒಂದು ಜಮಖಾನ, ಆರು ತುಂಡು, ಎರಡು ಮೂಗು

ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಹೇಳಿದಳು, "ಏನೋ ಇದು, ಮಲ್ಲಿಗೆ ಗಿಡಕ್ಕೆ ನಾಯಿ ಉಚ್ಚೆ ಹೊಯ್ದ ಹಾಗಿದೆಯಲ್ಲೋ ನಿನ್ನ ಮನೆ!" ಅವಳು ಬರುತ್ತಾಳೆ ಅಂತಲೇ ಹತ್ತು ನಿಮಿಷ ಮೊದಲು ಮಲ್ಲಿಗೆ ವಾಸನೆಯ ರೂಮ್ ಫ್ರೆಶ್ನರ್ ಹೊಡೆದಿದ್ದೆ. ನನ್ನ ಮೂಗಿಗೆ ಮಲ್ಲಿಗೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಮೂಗಿನ ಹಣೆಬರಹವೇ ಅಷ್ಟು. ಒಂದೇ ವಾಸನೆಯಲ್ಲಿ ಇದ್ದೂ ಇದ್ದೂ ಅದು ಗೊತ್ತಾಗುವುದೇ ನಿಂತುಹೋಗುತ್ತದೆ. ನಾಯಿ ಇರುವ ಮನೆಯ ನಾತ ಊರಿಗೆಲ್ಲ ಬರುತ್ತದೆ, ಮನೆಯವರಿಗೆ ಮಾತ್ರ ಇಲ್ಲ.

ನಮ್ಮ ಗುಂಡನಿಗೆ ಒಂಬತ್ತು ವರ್ಷ. ಮರಿಯಲ್ಲೇ ಹೊರಗೆ ಹೋಗುವುದನ್ನು ಕಲಿತ ಜಾಣ. ಇತ್ತೀಚೆಗೆ ಮಾತ್ರ ಸೋಫಾ ಪಕ್ಕದ ಜಮಖಾನದ ಮೇಲೆ ವಾರಕ್ಕೆ ಎರಡು ಮೂರು ಸಲ ಉಚ್ಚೆ ಹೊಯ್ಯುತ್ತಿದ್ದ. ವಯಸ್ಸಾಯಿತು ಅಂದುಕೊಂಡು ನಾನು ಒರೆಸುತ್ತಿದ್ದೆ, ಒರೆಸಿ ಸ್ಪ್ರೇ ಹೊಡೆಯುತ್ತಿದ್ದೆ. "ಮೂಗು ಅಲ್ಲೇ ಉಜ್ಜಿ ಒಂದೇಟು ಕೊಡು, ಕಲಿಯುತ್ತೆ" ಅಂದಳು ಅಕ್ಕ. ಅದೊಂದನ್ನು ನಾನು ಮಾಡಲಿಲ್ಲ. ಯಾವಾಗಲೋ ಹೊಯ್ದದ್ದಕ್ಕೆ ಆಮೇಲೆ ಹೊಡೆದರೆ ನಾಯಿಗೆ ಏಟು ಯಾಕೆ ಅಂತ ಗೊತ್ತಾಗುವುದಿಲ್ಲ. ನಮ್ಮನ್ನು ಕಂಡರೆ ಹೆದರುವುದನ್ನು ಕಲಿಯುತ್ತದೆ ಅಷ್ಟೆ.

ಜಮಖಾನ ಹೇಗೂ ಕೆಟ್ಟಿತ್ತು. ಕತ್ತರಿ ತೆಗೆದುಕೊಂಡು ಹಾಳಾದ ಜಾಗವನ್ನೇ ಆರು ತುಂಡು ಮಾಡಿದೆ. ಹಿಂದೆ ನಂಬರ್ ಬರೆದೆ. ಒಂದಕ್ಕೆ ಸ್ಪ್ರೇ, ಒಂದಕ್ಕೆ ವಿನೆಗರ್, ಒಂದಕ್ಕೆ ಅಡುಗೆ ಸೋಡಾ, ಒಂದಕ್ಕೆ ಎಂಜೈಮ್ ಕ್ಲೀನರ್, ಒಂದಕ್ಕೆ ಹೈಡ್ರೋಜನ್ ಪೆರಾಕ್ಸೈಡ್. ಆರನೆಯದನ್ನು ಹಾಗೇ ಬಿಟ್ಟೆ. ಜಡ್ಜ್ ಇಬ್ಬರು, ಅಕ್ಕ ಮತ್ತು ಗುಂಡ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಲಕ್ಷಗಳಲ್ಲಿದ್ದರೆ ನಾಯಿಗೆ ಕೋಟಿಗಳಲ್ಲಿ ಇರುತ್ತವೆ. ಹಾಗಾಗಿ ನಿಜವಾದ ಜಡ್ಜ್ ಗುಂಡನೇ.

ಸ್ಪ್ರೇ ಸೋಲುತ್ತದೆ ಅಂತ ಗೊತ್ತೇ ಇತ್ತು, ಸೋತಿತು. ಅದು ವಾಸನೆ ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದು ವಾಸನೆ ಹೊದಿಸುತ್ತದೆ. ಗುಂಡ ನಾಲ್ಕು ಸಲ ಸೀನಿ ಎದ್ದು ಹೋದ. ಉಳಿದ ಡಬ್ಬಿಯನ್ನು ಆಮೇಲೆ ನಾನು ಮುಟ್ಟಿಲ್ಲ.

ವಿನೆಗರ್ ಬಗ್ಗೆ ನನಗೆ ಜಾಸ್ತಿ ಆಸೆ ಇತ್ತು. ಉಚ್ಚೆ ಹೊಯ್ದ ಕೂಡಲೇ ಅಷ್ಟೇನೂ ನಾತ ಇರುವುದಿಲ್ಲ, ಗಮನಿಸಿದ್ದೀರಾ? ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡಿದ ಮೇಲೆ ಮೂಗಿಗೆ ಬಡಿಯುವುದು. ಅಮೋನಿಯಾ ಕ್ಷಾರ, ವಿನೆಗರ್ ಹುಳಿ. ಎರಡೂ ಸೇರಿದರೆ ಘಾಟು ಅಡಗುತ್ತದೆ. ಸಮ ಸಮ ನೀರು ಬೆರೆಸಿ ಸುರಿದೆ, ಒತ್ತಿ ಹೀರಿಸಿದೆ. ಒಣಗುವವರೆಗೆ ಮನೆಯೆಲ್ಲ ವಿನೆಗರ್ ನಾತ, ಆಮೇಲೆ ಅದೂ ಹೋಯಿತು. ಅಕ್ಕ ಮೂಸಿ "ಪರವಾಗಿಲ್ಲ" ಅಂದಳು. ಗೆದ್ದೆ ಅಂದುಕೊಂಡೆ. ಮೂರನೇ ದಿನ ಮಳೆ ಬಂದು ಗಾಳಿ ತೇವವಾಯಿತು, ನಾತ ವಾಪಸ್ ಬಂತು. ಮೇಲಿನ ಅಮೋನಿಯಾ ಹೋಗಿತ್ತು, ದಾರದ ಒಳಗೆ ಇಳಿದದ್ದು ಅಲ್ಲೇ ಇತ್ತು. ಗುಂಡ ಬಂದು ಆ ತುಂಡನ್ನು ಎಡದಿಂದ ಮೂಸಿದ, ಬಲದಿಂದ ಮೂಸಿದ, ನಿಧಾನವಾಗಿ ಹಿಂಗಾಲು ಎತ್ತಿದ. ತೀರ್ಪು ಬಂತು ಅಲ್ವಾ. ಆದರೂ ಟೈಲ್ಸ್ ನೆಲಕ್ಕೆ, ಆಗಷ್ಟೇ ಹೊಯ್ದದ್ದಕ್ಕೆ, ನಾನು ಈಗಲೂ ವಿನೆಗರನ್ನೇ ಬಳಸುತ್ತೇನೆ. ಮಾರ್ಬಲ್ ಮೇಲೆ ಮಾತ್ರ ಬೇಡ, ಹುಳಿ ಆ ಕಲ್ಲನ್ನು ತಿಂದು ಹೊಳಪು ತೆಗೆಯುತ್ತದೆ.

ಅಡುಗೆ ಸೋಡಾ ಉಚ್ಚೆಗೆ ಸಾಲದು. ಪುಡಿ ಮೇಲೆ ಇರುತ್ತದೆ, ಉಚ್ಚೆ ಕೆಳಗೆ ಇರುತ್ತದೆ. ಆದರೆ ಉಚ್ಚೆಯಲ್ಲದ, ಸುಮ್ನೆ ನಾಯಿ ಮಲಗಿ ಮಲಗಿ ಬಂದ ವಾಸನೆಗೆ ಇದರಷ್ಟು ಒಳ್ಳೆಯದು ನನಗೆ ಸಿಕ್ಕಿಲ್ಲ. ಸೋಫಾ ಕುಶನ್ ಮೇಲೆ ರಾತ್ರಿ ಉದುರಿಸಿ ಬೆಳಿಗ್ಗೆ ವ್ಯಾಕ್ಯೂಮ್ ಮಾಡಿದೆ. ಅಕ್ಕ ಕುಶನ್ನಿಗೆ ಮುಖ ಒತ್ತಿ ನೋಡಿ ತಲೆ ಆಡಿಸಿದಳು. ಒಂದೇ ಎಚ್ಚರ, ರಾತ್ರಿ ಆ ಕೋಣೆಯ ಬಾಗಿಲು ಹಾಕಿಡಬೇಕು. ಸೋಡಾ ಜಾಸ್ತಿ ನೆಕ್ಕಿದರೆ ನಾಯಿಗೆ ಅಪಾಯ.

ವಿನೆಗರ್, ಸೋಡಾ ಎರಡನ್ನೂ ಸೇರಿಸಿದರೆ ಡಬಲ್ ಕೆಲಸ ಅಂತ ಎಷ್ಟೋ ಜನ ನಂಬಿದ್ದಾರೆ. ನಾನೂ ಸೇರಿಸಿ ನೋಡಿದೆ. ಬುಸ್ಸೆಂದು ನೊರೆ ಬಂತು, ನೋಡಲು ಚೆಂದ. ಹುಳಿ ಮತ್ತು ಸೋಡಾ ಒಂದನ್ನೊಂದು ತಿಂದು ಮುಗಿಸಿದ ಮೇಲೆ ಉಳಿಯುವುದು ಒಂದು ಉಪ್ಪು ಮತ್ತು ನೀರು. ಎರಡೂ ದಂಡ.

ಈಗ ಎಂಜೈಮ್ ಕ್ಲೀನರ್. ಮೊದಲ ಸಲ ಇದೂ ಸೋತಿತು, ತಪ್ಪು ನನ್ನದೇ. ಸ್ಪ್ರೇ ಹೊಡೆಯುವ ಕೈ ಅಭ್ಯಾಸ ನೋಡಿ, ಎರಡು ಸಲ ಚಿಮುಕಿಸಿ ಒರೆಸಿಬಿಟ್ಟೆ. ಎಂಜೈಮ್ ಅಂದರೆ ಕಿಣ್ವ. ನಮ್ಮ ಹೊಟ್ಟೆಯಲ್ಲಿ ಆಹಾರ ಒಡೆಯುವ ಹಾಗೆ ಇದು ಕೊಳೆಯನ್ನು ಒಡೆಯುತ್ತದೆ. ಅದಕ್ಕೆ ಸಮಯ ಬೇಕು, ತೇವ ಬೇಕು. ಎರಡನೇ ಸಲ ಬಾಟಲಿ ಹಿಂದಿನ ಸಣ್ಣ ಅಕ್ಷರ ಓದಿ ಮಾಡಿದೆ. ಉಚ್ಚೆ ಎಷ್ಟು ಇಳಿದಿತ್ತೋ ಅಷ್ಟು ಆಳಕ್ಕೆ ಹೋಗುವಂತೆ ಸುರಿದೆ. ಒಣಗಬಾರದು ಅಂತ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹಾಳೆ ಎತ್ತಿದರೆ ಮೊದಲಿಗಿಂತ ಜೋರು ನಾತ! ಬೈದುಕೊಂಡು ಗಾಳಿಗೆ ಹರವಿದೆ. ಒಣಗಿದ ಮೇಲೆ ಏನೂ ಇಲ್ಲ. ತೇವದ ದಿನವೂ ಏನೂ ಇಲ್ಲ. ಗುಂಡ ಆ ತುಂಡನ್ನು ಒಂದು ಸಲ ಮೂಸಿ, ಅದರ ಮೇಲೆ ಕೂತು ಕಾಲು ನೆಕ್ಕತೊಡಗಿದ.

ಇದರಲ್ಲಿ ಇನ್ನೊಂದು ಮಾತಿದೆ. ಹಲವು ಬಾಟಲಿಗಳಲ್ಲಿ ಕಿಣ್ವದ ಜೊತೆ ಬ್ಯಾಕ್ಟೀರಿಯಾವೂ ಇರುತ್ತದೆ. ಅದೇ ಜಾಗಕ್ಕೆ ಮೊದಲು ಫಿನಾಯಿಲ್ ಥರದ್ದು ಹಾಕಿದ್ದರೆ ಕೆಲಸಕ್ಕೆ ಬಂದವರನ್ನು ಬಾಗಿಲಲ್ಲೇ ಕೊಂದ ಹಾಗೆ. ಮೊದಲು ನೀರಿನಲ್ಲಿ ತೊಳೆದು ಆಮೇಲೆ ಹಾಕಬೇಕು.

ಪೆರಾಕ್ಸೈಡ್ ವೇಗದಲ್ಲಿ ಎಲ್ಲರನ್ನೂ ಮೀರಿಸಿತು. 3% ದ್ರಾವಣ, ಸ್ವಲ್ಪ ಅಡುಗೆ ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. 1993ರಲ್ಲಿ ಪಾಲ್ ಕ್ರೆಬಾಮ್ ಎಂಬ ರಸಾಯನಶಾಸ್ತ್ರಜ್ಞರು ಸ್ಕಂಕ್ ಪ್ರಾಣಿಯ ಭಯಂಕರ ನಾತಕ್ಕೆ ಮದ್ದಾಗಿ ಪ್ರಕಟಿಸಿದ ಮಿಶ್ರಣದ ಜಾಡು ಇದು. ಅರ್ಧ ಗಂಟೆಯಲ್ಲಿ ನಾತ ಮಾಯ. ಜೊತೆಗೆ ಜಮಖಾನದ ಕೆಂಪು ಪಟ್ಟೆಯೂ ಮಾಯ, ಅಲ್ಲೊಂದು ತಿಳಿ ಗುಲಾಬಿ ಮಚ್ಚೆ. ಬಿಳಿ ಬಟ್ಟೆಗೆ ಸರಿ, ಬಣ್ಣದ್ದಕ್ಕೆ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿಯೇ ಮುಂದುವರಿಯಿರಿ. ಉಳಿದ ಮಿಶ್ರಣವನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ. ಒಳಗೆ ಆಮ್ಲಜನಕ ಬಿಡುತ್ತಲೇ ಇರುತ್ತದೆ, ಬಾಟಲಿ ಸಿಡಿಯಬಹುದು.

ಬ್ಲೀಚ್ ಯಾಕೆ ಹೋಲಿಕೆಯಲ್ಲಿ ಇಲ್ಲ ಅಂತ ಕೇಳಬಹುದು. ಉಚ್ಚೆಯ ಅಮೋನಿಯಾ ಜೊತೆ ಬ್ಲೀಚ್ ಸೇರಿದರೆ ಕ್ಲೋರಮೈನ್ ಎಂಬ ವಿಷದ ಗಾಳಿ ಹುಟ್ಟುತ್ತದೆ. ಪರೀಕ್ಷೆ ಮಾಡುವ ವಿಷಯವೇ ಅಲ್ಲ.

ಗೆಳೆಯನಿಂದ ಒಂದು ವಾರಕ್ಕೆ ಏರ್ ಪ್ಯೂರಿಫೈಯರ್ ಕೂಡ ತಂದಿದ್ದೆ. ಹೆಪಾ ಫಿಲ್ಟರ್ ಕೂದಲು, ಹೊಟ್ಟು, 0.3 ಮೈಕ್ರಾನ್‌ನಷ್ಟು ಸಣ್ಣ ಕಣವನ್ನೂ ಹಿಡಿಯುತ್ತದೆ. ಆದರೆ ವಾಸನೆ ಕಣವಲ್ಲ, ಗಾಳಿಯಲ್ಲಿ ಬೆರೆತ ಅನಿಲ. ಅದಕ್ಕೆ ಇದ್ದಿಲಿನ ಫಿಲ್ಟರ್ ಬೇಕು, ಅವನ ಮೆಷಿನ್‌ನಲ್ಲಿ ಇರಲಿಲ್ಲ. ವಾಪಸ್ ಕೊಟ್ಟೆ.

ಇಷ್ಟಕ್ಕೆ ಮುಗಿಯಬೇಕಿತ್ತು. ಜಮಖಾನ ಎಸೆದಾಯಿತು, ಸೋಫಾ ಪಕ್ಕದ ನೆಲಕ್ಕೂ ಎಂಜೈಮ್ ಕುಡಿಸಿದೆ, ಗುಂಡನ ಹಾಸಿಗೆ ಬಟ್ಟೆ ಬಿಸಿ ನೀರಿನಲ್ಲಿ ಒಗೆದೆ. ಮುಂದಿನ ವಾರ ಬಂದ ಅಕ್ಕ ಮತ್ತೆ ಮೂಗು ಮುರಿದಳು. "ಉಚ್ಚೆ ಅಲ್ಲ ಕಣೋ, ಇದು ಬೇರೆ. ಹುಳಿ ಹಿಟ್ಟಿನ ಥರ." ಸೋಫಾ ಮೂಸಿದಳು, ಪರದೆ ಮೂಸಿದಳು. ಕೊನೆಗೆ ಗುಂಡನ ತಲೆ ಹತ್ತಿರ ಬಗ್ಗಿ ಅವನ ಕಿವಿ ಎತ್ತಿದಳು. ಒಳಗೆ ಕಂದು ಬಣ್ಣದ ಮೇಣದಂಥ ಕೊಳೆ, ಸುತ್ತ ಕೆಂಪು. ಗುಂಡ ತಲೆ ಕೊಡವಿದ.

ಕಿವಿಯಲ್ಲಿ ಯೀಸ್ಟ್ ಸೋಂಕು ಅಂದರು ವೆಟ್. ಜೋತುಬಿದ್ದ ಕಿವಿಯ ನಾಯಿಗಳಿಗೆ ಗಾಳಿ ಆಡದೆ ಇದು ಬರುವುದು ಹೆಚ್ಚಂತೆ. ಸ್ನಾನಕ್ಕೆ ಏನು ಹಾಕುತ್ತೀರಿ ಅಂತ ಕೇಳಿದರು. ನನ್ನದೇ ಶಾಂಪೂ ಅಂದೆ, ನಾಚಿಕೆಯಾಯಿತು. ನಮ್ಮ ಚರ್ಮ ಸ್ವಲ್ಪ ಹುಳಿ ಕಡೆ, ನಾಯಿಯದು ಅಷ್ಟು ಹುಳಿಯಲ್ಲ, ಹಾಗಾಗಿ ನಮ್ಮ ಶಾಂಪೂ ಅವಕ್ಕೆ ಆಗಿಬರುವುದಿಲ್ಲ. ಬಂದದ್ದೇ ಬಂದೆ ಅಂತ ಜಮಖಾನದ ವಿಷಯವನ್ನೂ ಹೇಳಿದೆ. ಅವರು ಉಚ್ಚೆ ಪರೀಕ್ಷೆ ಮಾಡಿಸಿದರು. ಮೂತ್ರಕೋಶದಲ್ಲಿ ಸೋಂಕು! ವಯಸ್ಸಲ್ಲ, ಹಟವಲ್ಲ, ತಡೆಯಲು ಆಗುತ್ತಿರಲಿಲ್ಲ ಅಷ್ಟೆ. ಎಷ್ಟು ವಾರ ನಾನು ಅದರ ಮೇಲೆ ಮಲ್ಲಿಗೆ ಹೊಡೆದೆನೋ.

ಮಾತ್ರೆ, ಕಿವಿಗೆ ಡ್ರಾಪ್ಸ್, ದಿನಕ್ಕೆ ಒಂದು ಸಲ ಜಾಸ್ತಿ ಹೊರಗೆ ಕರೆದುಕೊಂಡು ಹೋಗುವುದು. ಮನೆಯೊಳಗೆ ಉಚ್ಚೆ ನಿಂತಿತು. ಈಗ ಕಪಾಟಿನಲ್ಲಿ ಇರುವುದು ವಿನೆಗರ್, ಸೋಡಾ ಮತ್ತು ಅರ್ಧ ಬಾಟಲಿ ಎಂಜೈಮ್. ಆ ಅರ್ಧ ಬಾಟಲಿ ಎರಡು ತಿಂಗಳಿಂದ ಅರ್ಧವಾಗಿಯೇ ಇದೆ.

ಕಳೆದ ಭಾನುವಾರ ಅಕ್ಕ ಬಂದಳು. ಬಾಗಿಲಲ್ಲಿ ನಿಂತು ಗಾಳಿ ಎಳೆದುಕೊಂಡಳು. ಗುಂಡನನ್ನು ಮೂಸಿದಳು, ಸೋಫಾ ಮೂಸಿದಳು, ಸುಮ್ಮನೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು, "ನಾಯಿ ವಾಸನೆ ಹೋಯ್ತು. ಈಗ ನಿನ್ನ ಶೂ ವಾಸನೆ ಬರ್ತಿದೆ."

ಆ ರಾತ್ರಿ ಉಳಿದ ಸೋಡಾವನ್ನು ಶೂ ಒಳಗೆ ಸುರಿದೆ.