ಅನುದಾನವೋ, ತಿಂಗಳ ದೇಣಿಗೆಯೋ?

ಚಿಕ್ಕ ಸೇವಾಸಂಸ್ಥೆಯೊಂದು ಮಾನಸಿಕ ಆರೋಗ್ಯಕ್ಕೆ ಆಪ್ತಸಮಾಲೋಚನೆಯನ್ನೋ ಗುಂಪು ಮಾತುಕತೆಯನ್ನೋ ಶುರು ಮಾಡಲು ಹೊರಟರೆ, ಮೊದಲು ಎದುರಾಗುವ ಪ್ರಶ್ನೆ ಇದೇ.

ಅನುದಾನದಲ್ಲಿ ಮೊತ್ತ ದೊಡ್ಡದು. ಆದರೆ ಸಾಮಾನ್ಯವಾಗಿ ಅರ್ಜಿಯಲ್ಲಿ ಬರೆದ ಕೆಲಸಕ್ಕೇ ಖರ್ಚು ಮಾಡಬೇಕು. ತರಬೇತಿಗೆ ಅಂತ ಬಂದ ದುಡ್ಡಲ್ಲಿ ಬಾಡಿಗೆ ಕಟ್ಟುವ ಹಾಗಿಲ್ಲ. ಮೇಲೆ ವರದಿ ಬೇರೆ. ಎಷ್ಟು ಜನ ಬಂದರು ಅಂತ ಬರೆಯಬಹುದು, ಮನಸ್ಸು ಎಷ್ಟು ಹಗುರವಾಯಿತು ಅನ್ನೋದನ್ನು ಯಾವ ಕಾಲಂನಲ್ಲಿ ತುಂಬೋದು? ಇದಕ್ಕಿಂತ ದೊಡ್ಡ ತಲೆನೋವು ಅವಧಿ. ತಿಂಗಳುಗಟ್ಟಲೆ ಮೂಲೆಯ ಕುರ್ಚಿಯಲ್ಲಿ ಸುಮ್ನೆ ಕೂತು ಎದ್ದು ಹೋಗುತ್ತಿದ್ದವರು ಆಗಷ್ಟೇ ಬಾಯಿ ಬಿಟ್ಟಿರುತ್ತಾರೆ, ಅಷ್ಟರಲ್ಲಿ ಅನುದಾನ ಮುಗಿದು ಸಮಾಲೋಚಕರ ಸಂಬಳವೇ ನಿಂತುಹೋಗುತ್ತದೆ. ಹೊಸಬರ ಹತ್ತಿರ ಅವರು ಮತ್ತೆ ಮೊದಲಿಂದ ಹೇಳಿಕೊಳ್ಳಬೇಕು, ಅಲ್ವಾ?

ತಿಂಗಳ ದೇಣಿಗೆ ನಿಧಾನ. ಒಬ್ಬೊಬ್ಬರನ್ನೇ ಕೇಳಬೇಕು, ಕೆಲವರು ನಡುವೆ ಬಿಡುತ್ತಾರೆ. ಆದರೆ ಷರತ್ತು ಕಡಿಮೆ: ಬಾಡಿಗೆ, ಕರೆಂಟ್ ಬಿಲ್, ಸ್ವಯಂಸೇವಕರ ಬಸ್ ಚಾರ್ಜು, ಅನುದಾನ ಸುಲಭಕ್ಕೆ ಸಿಗದ ಖರ್ಚೆಲ್ಲ ಇದರಲ್ಲೇ ನಡೆಯುತ್ತದೆ. ನೂರು ಜನರಲ್ಲಿ ಹತ್ತು ಜನ ಬಿಟ್ಟರೂ ಬಾಗಿಲು ಮುಚ್ಚುವುದಿಲ್ಲ. ಒಬ್ಬನೇ ದೊಡ್ಡ ದಾನಿಯನ್ನು ನಂಬಿಕೊಂಡಿದ್ದರೆ, ಅವನು ಕೈಬಿಟ್ಟಾಗ ಮುಚ್ಚುತ್ತದೆ.

ಓಟ, ಸಂಗೀತ ಸಂಜೆಯಂಥ ಕಾರ್ಯಕ್ರಮಗಳಿಂದ ಹೆಸರು ಜಾಸ್ತಿ, ದುಡ್ಡು ಕಡಿಮೆ.

ನನ್ನನ್ನು ಕೇಳಿದರೆ, ಸಮಾಲೋಚಕರ ಸಂಬಳವನ್ನು ತಿಂಗಳ ದೇಣಿಗೆಗೆ ಕಟ್ಟಿಹಾಕಿ. ತರಬೇತಿ, ಕೋಣೆ ಸಜ್ಜು ಮಾಡುವಂಥ ಒಂದೇ ಸಲದ ಖರ್ಚಿಗೆ ಅನುದಾನ ಕೇಳಿ.